ಖಂಡ ಚಾಪು ನಮಗೆ ಹೊಸದಲ್ಲ, ಆದರೆ ಡ್ರಮ್ಮರ್ ಜೋ ಮೊರೆಲ್ಲೋ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ 'ಟೇಕ್ ಫೈವ್' ಎಂಬ ಜಾಝ್ ರಚನೆಯನ್ನು ಕೇಳಲೇಬೇಕು ಎಂದು ಬರೆದಿದ್ದಿರಿ. ಕೇಳಿದೆ. ನಾನು ಹನ್ನೊಂದು ವರ್ಷ ಮೃದಂಗ ಕಲಿತವಳು. ಐದರ ಲೆಕ್ಕ ನಮಗೇನು ಹೊಸದೇ? ಐದೆಣಿಕೆಯ ತಾಳ ಖಂಡ ಚಾಪು, ಅದನ್ನು ನಮ್ಮಲ್ಲಿ ಮಕ್ಕಳೂ ನುಡಿಸುತ್ತಾರೆ. ನಡುವೆ ಬರುವ ಡ್ರಮ್ಸ್ ಸೋಲೋ ಅಂತೂ ಖಾಲಿ ಖಾಲಿ. ಕಛೇರಿಯಲ್ಲಿ ಮೃದಂಗಕ್ಕೇ ಬಿಟ್ಟುಕೊಡುವ ಸರದಿ, ಒಳ್ಳೆಯ ತನಿ ಆವರ್ತನ, ಕೇಳಿದವರಿಗೆ ಅದರಲ್ಲಿ ಏನಿದೆ?" (ಓದುಗರೊಬ್ಬರು, ಶಿವಮೊಗ್ಗ)

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದ ಸಂಜೆಯೇ ಅದನ್ನು ಮತ್ತೆ ಕೇಳಿದೆ, ಈ ಸಲ ತೊಡೆಯ ಮೇಲೆ ತಾಳ ಹಾಕುತ್ತಾ. ಮೃದಂಗ ಕಲಿತವರು ಕೇಳಿದ ಪ್ರಶ್ನೆಗೆ ಸುಮ್ನೆ ಎರಡು ಸಾಲಿನ ಉತ್ತರ ಕೊಡಲು ಮನಸ್ಸಾಗಲಿಲ್ಲ.

ಐದರ ಲೆಕ್ಕ ನಮಗೆ ಹೊಸದಲ್ಲ ಅನ್ನುವುದು ನಿಜ. ಆದರೆ 1959ರ ಅಮೆರಿಕದ ಜಾಝ್‌ಗೆ ಅದು ಹೊಸದಾಗಿತ್ತು. ಅಲ್ಲಿ ಬಹುತೇಕ ಎಲ್ಲವೂ ನಾಲ್ಕರಲ್ಲಿ ನಡೆಯುತ್ತಿತ್ತು, ಅಪರೂಪಕ್ಕೆ ಮೂರರಲ್ಲಿ. ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ತಂಡ 'ಟೇಕ್ ಫೈವ್' ಇರುವ 'ಟೈಮ್ ಔಟ್' ಆಲ್ಬಮ್ ಮಾಡಿದಾಗ ಕೊಲಂಬಿಯಾ ರೆಕಾರ್ಡ್ ಕಂಪನಿಯ ಮಾರಾಟದವರು ಹಿಂದೆಮುಂದೆ ನೋಡಿದರು. ಜನ ಇದಕ್ಕೆ ಕುಣಿಯುವುದು ಹೇಗೆ ಅನ್ನುವುದು ಅವರ ಚಿಂತೆ. ಕೊನೆಗೆ ಅದೇ ಆಲ್ಬಮ್ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು.

ಇನ್ನೊಂದು ವಿಷಯ ಗಮನಿಸಿದಿರಾ? ನಮ್ಮ ಖಂಡ ಚಾಪು 'ತಕ ತಕಿಟ', ಅಂದರೆ ಎರಡು, ಮೂರು. 'ಟೇಕ್ ಫೈವ್' ಅದರ ತಿರುಗುಮುರುಗು: 'ತಕಿಟ ತಕ'. ಪಿಯಾನೋ ಮೊದಲಿನಿಂದ ಕೊನೆಯವರೆಗೆ ಹೇಳುವುದು ಇದನ್ನೇ. ಅದರ ಮೇಲೆ ಡ್ರಮ್ಮರ್ ಜೋ ಮೊರೆಲ್ಲೋ ಸಿಂಬಲ್ ಮೇಲೆ ಜಾಝ್‌ನ ತೂಗಾಟವನ್ನು, ಅವರ ಮಾತಿನಲ್ಲಿ ಸ್ವಿಂಗ್ ಅನ್ನು, ತರಬೇಕಿತ್ತು. ಆ ತೂಗಾಟ ಬೆಳೆದು ಬಂದಿದ್ದೇ ನಾಲ್ಕರಲ್ಲಿ. ಐದರಲ್ಲಿ ಅದು ಕುಂಟದೆ ನಡೆಯಬೇಕು. ಕೇಳುವವರಿಗೆ ಎಣಿಸಬೇಕು ಅಂತಲೇ ಅನ್ನಿಸಬಾರದು. ಈಗ ನಮಗೆ ಅದು ಸಲೀಸು ಅನ್ನಿಸುತ್ತಿದ್ದರೆ ಅದು ಅವರ ಕೈಯ ಗುಣ.

ಈಗ ಆ 'ಖಾಲಿ' ಸೋಲೋಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಹಳೆಯ ಕತೆ ಹೇಳಬೇಕು.

ಮೊರೆಲ್ಲೋ 1956ರಲ್ಲಿ ಬ್ರೂಬೆಕ್ ತಂಡ ಸೇರಿದರು. ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ಅವರಿಗೆ ಬೇಕಿದ್ದದ್ದು ಹಿಂದೆ ಕೂತು, ಕೋಲಿನ ಬದಲು ತಂತಿಯ ಬ್ರಶ್‌ನಲ್ಲಿ ಮೆಲ್ಲಗೆ ನುಡಿಸುವ ಡ್ರಮ್ಮರ್. ಮೊರೆಲ್ಲೋಗೆ ತಮಗೂ ನುಡಿಸಲು ಜಾಗ ಬೇಕಿತ್ತು. ಶುರುವಿನ ಕಛೇರಿಯಲ್ಲೇ ಅವರ ಸೋಲೋಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೆಸ್ಮಂಡ್ ಸಿಟ್ಟಾಗಿ ವೇದಿಕೆಯಿಂದ ಇಳಿದು ಹೋದರು. ಒಂದೋ ಅವರು ಇರಬೇಕು, ಇಲ್ಲ ನಾನು ಅನ್ನುವವರೆಗೆ ಮಾತು ಬೆಳೆಯಿತು. ಬ್ರೂಬೆಕ್ ಡ್ರಮ್ಮರ್‌ನನ್ನು ಬಿಡಲಿಲ್ಲ. ಡೆಸ್ಮಂಡ್ ಕೂಡ ಉಳಿದರು, ನಿಧಾನಕ್ಕೆ ಇಬ್ಬರೂ ಸ್ನೇಹಿತರಾದರು.

ಮೊರೆಲ್ಲೋ ಐದರ ಲೆಕ್ಕದಲ್ಲಿ ಆಟವಾಡುತ್ತಲೇ ಇರುತ್ತಿದ್ದರು. ಅದರಲ್ಲಿ ಒಂದು ರಚನೆ ಬೇಕು ಎಂದು ಕೇಳಿದವರೂ ಅವರೇ. ಬ್ರೂಬೆಕ್ ಆ ಕೆಲಸವನ್ನು ಡೆಸ್ಮಂಡ್ ಅವರಿಗೆ ವಹಿಸಿದರು. ಅಂದರೆ ಈ ಡ್ರಮ್ಮರ್ ಬೇಡವೇ ಬೇಡ ಎಂದಿದ್ದವರೇ ಅವರ ಕೈ ತೋರಿಸಲೆಂದು ಒಂದು ರಚನೆ ಕಟ್ಟಿಕೊಟ್ಟರು. 'ಟೇಕ್ ಫೈವ್' ಹುಟ್ಟಿದ್ದೇ ಆ ಸೋಲೋಗಾಗಿ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ರೆಕಾರ್ಡಿಂಗ್ ಆದದ್ದು 1959ರ ಜುಲೈ 1ರಂದು, ನ್ಯೂಯಾರ್ಕ್‌ನ 30ನೇ ಬೀದಿಯ ಸ್ಟುಡಿಯೋದಲ್ಲಿ. ಅದು ಹಿಂದೆ ಚರ್ಚ್ ಆಗಿದ್ದ ಕಟ್ಟಡ, ಸೂರು ತುಂಬಾ ಎತ್ತರ. ಒಂದು ಪೆಟ್ಟು ಹೊಡೆದರೆ ಅದರ ನಾದ ಅಲ್ಲೇ ಸುಳಿದಾಡುತ್ತದೆ. ಮೊರೆಲ್ಲೋ ಆ ನಾದಕ್ಕೆ ಜಾಗ ಬಿಡುತ್ತಾರೆ. ಒಂದು ಪೆಟ್ಟು, ಬಿಡುವು. ಎರಡು ಪೆಟ್ಟು, ಮತ್ತೆ ಬಿಡುವು. ಹಿಂದೆ ಪಿಯಾನೋ 'ತಕಿಟ ತಕ' ಅನ್ನುತ್ತಲೇ ಇರುತ್ತದೆ, ನಿಮ್ಮ ಕಛೇರಿಯಲ್ಲಿ ಗಾಯಕರು ತಾಳ ಹಾಕುತ್ತಾ ಕೂರುತ್ತಾರಲ್ಲ, ಹಾಗೆ. ಆದ್ದರಿಂದ ಮೊರೆಲ್ಲೋ ಲೆಕ್ಕವನ್ನು ತೋರಿಸಬೇಕಾಗಿಲ್ಲ, ಅದರ ಮೇಲೆ ಅಡ್ಡಾಡಬಹುದು. ಐದೂವರೆ ನಿಮಿಷದ ರಚನೆಯಲ್ಲಿ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಹೀಗೇ ಸಾಗುತ್ತದೆ. ನೀವು ಕೇಳಿದ್ದು ಮೂರು ನಿಮಿಷದ ಆವೃತ್ತಿಯಾಗಿದ್ದರೆ ದಯವಿಟ್ಟು ಆಲ್ಬಮ್‌ನಲ್ಲಿರುವ ಪೂರ್ತಿ ರೂಪ ಕೇಳಿ.

ತನಿ ಆವರ್ತನದ ಸೊಗಸು ಬೇರೆ. ಮೋಹರ, ಕೊರ್ವೆ ಎಂಬ ಮುಕ್ತಾಯದ ಜತಿಗಳಲ್ಲಿ ಲೆಕ್ಕ ಏರುತ್ತಾ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುವುದೇ ಅದರ ಸುಖ. ಇಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ನೀವೂ ಗುರುಗಳಿಂದ ಕೇಳಿರುತ್ತೀರಿ, ಎಲ್ಲಿ ನುಡಿಸಬಾರದು ಅನ್ನುವುದು ಗೊತ್ತಾಗಲು ಬಹಳ ಕಾಲ ಬೇಕು ಅಂತ. ಅದೇ ಕಿವಿಯಿಂದ ಈ ಸೋಲೋ ಕೇಳಿ ನೋಡಿ.

ಮೊರೆಲ್ಲೋಗೆ ವೇಗ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. 1928ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದ ಹುಡುಗ. ಹುಟ್ಟಿನಿಂದಲೇ ಕಣ್ಣು ಮಂದ. ಆರನೇ ವಯಸ್ಸಿಗೆ ಪಿಟೀಲು ಹಿಡಿದರು. ಒಂಬತ್ತಕ್ಕೆಲ್ಲ ಬಾಸ್ಟನ್ ಸಿಂಫನಿ ವಾದ್ಯವೃಂದದ ಜೊತೆ ಮೆಂಡೆಲ್ಸನ್ ಅವರ ಕನ್ಚೆರ್ಟೊ, ಪಿಟೀಲಿಗೂ ವಾದ್ಯವೃಂದಕ್ಕೂ ಬರೆದ ರಚನೆ, ನುಡಿಸಿದರು. ಹದಿನೈದರಲ್ಲಿ ಪಿಟೀಲಿನ ಮಹಾನ್ ಕಲಾವಿದ ಯಾಶಾ ಹೈಫೆಟ್ಸ್ ಅವರನ್ನು ಕಂಡರು. ಆ ನಾದ ತನಗೆ ಎಂದೂ ಬರುವುದಿಲ್ಲ ಅನ್ನಿಸಿ ಪಿಟೀಲು ಕೆಳಗಿಟ್ಟು ಡ್ರಮ್ಸ್ ಹಿಡಿದರು. ಆಮೇಲೆ ಗುರು ಜಾರ್ಜ್ ಲಾರೆನ್ಸ್ ಸ್ಟೋನ್ ಅವರ ಪಾಠಗಳನ್ನು ಅಭ್ಯಾಸ ಮಾಡುವಾಗ ತಮ್ಮದೇ ಒತ್ತುಗಳನ್ನು ಸೇರಿಸಿ ನುಡಿಸಿ ತೋರಿಸುತ್ತಿದ್ದರು. ಗುರು ಅದನ್ನು ಎಷ್ಟು ಮೆಚ್ಚಿದರೆಂದರೆ, ಆ ಜಾಡಿನಲ್ಲೇ ಇನ್ನೊಂದು ಪಾಠಪುಸ್ತಕ ಬರೆದು ಅದನ್ನು ಶಿಷ್ಯನಿಗೇ ಅರ್ಪಿಸಿದರು.

ನಿಮಗೆ ಖುಷಿಯಾಗುವ ಸಂಗತಿ ಒಂದಿದೆ. 1958ರಲ್ಲಿ ಬ್ರೂಬೆಕ್ ತಂಡ ಭಾರತಕ್ಕೂ ಬಂದಿತ್ತು. ಮದರಾಸಿನಲ್ಲಿ ಅವರು ಪಳನಿ ಸುಬ್ರಮಣ್ಯ ಪಿಳ್ಳೆಯವರ ಮೃದಂಗ ಕೇಳಿದರು, ಅವರ ಜೊತೆ ನುಡಿಸಿಯೂ ನೋಡಿದರು. ಆ ವರ್ಷದ 'ಜಾಝ್ ಇಂಪ್ರೆಶನ್ಸ್ ಆಫ್ ಯುರೇಶಿಯಾ' ಆಲ್ಬಮ್‌ನಲ್ಲಿ 'ಕಲ್ಕತ್ತಾ ಬ್ಲೂಸ್' ಇದೆ. ಅದರಲ್ಲಿ ಮೊರೆಲ್ಲೋ ಕೋಲು ಬಿಟ್ಟು ಕೈಯಿಂದ ನುಡಿಸುತ್ತಾರೆ. ಅದೇ ಪ್ರವಾಸದಲ್ಲಿ ಇಸ್ತಾನ್‌ಬುಲ್‌ನ ಬೀದಿಯಲ್ಲಿ ಕೇಳಿದ ಒಂಬತ್ತರ ನಡೆಯಿಂದ ಹುಟ್ಟಿದ್ದು 'ಟೈಮ್ ಔಟ್'ನ ಮೊದಲ ರಚನೆ, 'ಬ್ಲೂ ರೊಂಡೊ ಆ ಲಾ ತುರ್ಕ್'. 'ತಕ ತಕ ತಕ ತಕಿಟ' ಎಂದು ಹೇಳಿಕೊಂಡು ಕೇಳಿ, ಅದು ಥಟ್ಟನೆ ಕೈಗೆ ಸಿಗುತ್ತದೆ.

1967ರ ಕೊನೆಗೆ ತಂಡ ಮುರಿಯಿತು. ಮೊರೆಲ್ಲೋ ಪಾಠ ಹೇಳುವುದರಲ್ಲಿ ತೊಡಗಿಕೊಂಡರು. 1976ರ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು, ಪಾಠ ನಿಲ್ಲಲಿಲ್ಲ. 1990ರ ದಶಕದಲ್ಲಿ ತಮ್ಮದೇ ತಂಡ ಕಟ್ಟಿಕೊಂಡು ಮತ್ತೆ ರೆಕಾರ್ಡ್ ಮಾಡಿದರು. ತೀರಿಕೊಂಡದ್ದು 2011ರ ಮಾರ್ಚ್ 12ರಂದು.

ಇನ್ನೇನು ಕೇಳಬಹುದು? ವೇಗವೇ ಬೇಕಾದರೆ ಬ್ರೂಬೆಕ್ ತಂಡದ 1963ರ ಕಾರ್ನೆಗಿ ಹಾಲ್ ಕಛೇರಿಯ 'ಕ್ಯಾಸ್ಟಿಲಿಯನ್ ಡ್ರಮ್ಸ್'. ಅಲ್ಲೂ ಐದೇ, ಆದರೆ ಖಾಲಿ ಅನ್ನುವ ಮಾತು ನಿಮ್ಮ ಬಾಯಿಂದ ಬರುವುದಿಲ್ಲ. ಮೊರೆಲ್ಲೋ ತಮ್ಮ ಹೆಸರಿನಲ್ಲೇ ತಂದ ಆಲ್ಬಮ್ 'ಇಟ್ಸ್ ಅಬೌಟ್ ಟೈಮ್' 1961ರದ್ದು, ಅದರಲ್ಲಿ ಆಗಿನ್ನೂ ಹದಿನೆಂಟರ ಹುಡುಗನಾಗಿದ್ದ ಗ್ಯಾರಿ ಬರ್ಟನ್ ವೈಬ್ರಫೋನ್, ಅಂದರೆ ಲೋಹದ ಪಟ್ಟಿಗಳ ವಾದ್ಯ, ನುಡಿಸಿದ್ದಾರೆ.

ಒಂದನ್ನೇ ಕೇಳಲು ಪುರುಸೊತ್ತು ಅನ್ನುವುದಾದರೆ, ಬ್ರೂಬೆಕ್ ತಂಡದ 1961ರ ಆಲ್ಬಮ್ 'ಟೈಮ್ ಫರ್ದರ್ ಔಟ್'ನಲ್ಲಿರುವ 'ಅನ್‌ಸ್ಕ್ವೇರ್ ಡ್ಯಾನ್ಸ್'. ಎರಡೇ ನಿಮಿಷ. ಲೆಕ್ಕ ಏಳು. ನಿಮ್ಮ ಮಿಶ್ರ ಚಾಪು 'ತಕಿಟ ತಕಧಿಮಿ' ಅಲ್ವಾ? ಇದು 'ತಕ ತಕ ತಕಿಟ'. ಬಾಸ್, ಚಪ್ಪಾಳೆ, ಕೋಲಿನ ಟಕಟಕ, ನಡುವೆ ಚೂರು ಪಿಯಾನೋ. ಮುಗಿದ ತಕ್ಷಣ ನಿಲ್ಲಿಸಬೇಡಿ. ಕೊನೆಯಲ್ಲಿ ಒಬ್ಬರು ನಗುವುದು ಕೇಳಿಸುತ್ತದೆ, ಕಷ್ಟದ ಲೆಕ್ಕವೊಂದನ್ನು ತಪ್ಪದೆ ದಾಟಿದ ಸಮಾಧಾನದ ನಗು. ಅದು ಜೋ ಮೊರೆಲ್ಲೋ ಅವರದು.