ಕೂತು ಹಾಡಿದರೂ ನಮ್ಮ ಓಝಿಯೇ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಕಾಯಿಲೆಬಿದ್ದ ರಾಕ್ ಕಲಾವಿದರ ಬಗ್ಗೆ ಒಂದೇ ಮಾತನ್ನು ಬೇರೆ ಬೇರೆ ಥರ ಕೇಳಿದ್ದವು. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು, ಜಾಗವನ್ನೆಲ್ಲ ಇವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಹದಿನಾರನೇ ವಯಸ್ಸಿನಿಂದ ಇಂಗ್ಲೆಂಡಿನ ರಾಕ್ ಗಾಯಕ ಓಝಿ ಆಸ್ಬರ್ನ್ ಅವರನ್ನು ಕೇಳಿಕೊಂಡು ಬಂದವನು ನಾನು. ಅವರ ಕೊನೆಯ ಕಾರ್ಯಕ್ರಮದ ವಿಡಿಯೋ ಇವತ್ತಿಗೂ ಪೂರ್ತಿ ನೋಡಲು ಆಗಿಲ್ಲ. ಕುರ್ಚಿಯಲ್ಲಿ ಕೂತಿರುವುದನ್ನು ಕಂಡ ಕೂಡಲೇ ಆಫ್ ಮಾಡಿಬಿಡುತ್ತೇನೆ. ಮನೆಯಲ್ಲಿ ‘ಯಾರೋ ಏನೋ, ನಿನಗೇನು ಸಂಬಂಧ’ ಅಂತಾರೆ. ಎದುರಿಗೆ ಒಂದು ಸಲವೂ ನೋಡದವರಿಗಾಗಿ ಅಳುವುದು ಹುಚ್ಚುತನವಾ?

ಉತ್ತರ: ಅಲ್ಲವೇ ಅಲ್ಲ. ಸಂಬಂಧ ಇಲ್ಲ ಅಂತ ಯಾರು ಹೇಳಿದ್ದು? ಪರೀಕ್ಷೆಯಲ್ಲಿ ಫೇಲ್ ಆದ ರಾತ್ರಿ, ಕೆಲಸ ಕಳೆದುಕೊಂಡ ದಿನ, ಯಾರ ಹತ್ತಿರವೂ ಮಾತಾಡಲು ಮನಸ್ಸಿಲ್ಲದ ಹೊತ್ತಲ್ಲಿ ನಿಮ್ಮ ಕಿವಿಯಲ್ಲಿ ಇದ್ದದ್ದು ಆ ದನಿ. ಮುಖ ನೋಡಿಲ್ಲ, ಸರಿ. ಆದರೆ ಮೂವತ್ತು ವರ್ಷ ಜೊತೆಗಿದ್ದ ದನಿ ನಿಂತರೆ ಕರುಳು ಚುರ್ ಅನ್ನದೆ ಇರುತ್ತಾ?

ಆ ವಿಡಿಯೋ ನೋಡಿ ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತ ಹೇಳುವುದಕ್ಕೆ ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು.

ಓಝಿಯ ಹಾಗೆ ಅಪ್ಪನಿಗೂ ಪಾರ್ಕಿನ್ಸನ್ ಇತ್ತು. ಮಿದುಳಿನಲ್ಲಿ, ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆ ಅದು. ಕೈ ನಡುಗುವುದು ಎಲ್ಲರಿಗೂ ಗೊತ್ತು. ಮೈ ಬಿಗಿಯುವುದು, ಒಂದು ಹೆಜ್ಜೆ ಎತ್ತಿಡಲು ನೆಲಕ್ಕೆ ಅಂಟಿಕೊಂಡ ಹಾಗೆ ಆಗುವುದು, ದನಿ ಸಣ್ಣದಾಗುತ್ತಾ ಬರುವುದು, ಇವು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅಪ್ಪ ಬೆಳಗ್ಗೆ ಷರ್ಟಿನ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ಮೂರನೇ ಗುಂಡಿ ಕಾಜದ ಅಂಚಿಗೆ ಬಂದು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು, ಮತ್ತೆ ಜಾರುತ್ತಿತ್ತು. ನಾನು ಕೈ ಚಾಚಿದರೆ ತಲೆ ಅಲ್ಲಾಡಿಸುತ್ತಿದ್ದರು. ಗುಂಡಿ ಹಾಕಿ ಮುಗಿಸಿ ಒಂದು ಸಲ ನನ್ನ ಕಡೆ ನೋಡುತ್ತಿದ್ದರಲ್ಲ, ಆ ನೋಟವನ್ನು ನಾನು ಮರೆತಿಲ್ಲ.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ವೇದಿಕೆಯ ಅಡಿಯಿಂದ ಕಪ್ಪು ಸಿಂಹಾಸನ ಮೇಲೆದ್ದು ಬಂದಾಗ ನನಗೆ ಕಂಡದ್ದು ಆ ನೋಟವೇ. ಓಝಿ ಬೆಳೆದದ್ದು ಆ ಮೈದಾನ ಇರುವ ಆಸ್ಟನ್ ಬಡಾವಣೆಯಲ್ಲೇ. ಪಾರ್ಕಿನ್ಸನ್ ಇರುವುದನ್ನು ಅವರು ಜನರಿಗೆ ಹೇಳಿದ್ದು 2020ರಲ್ಲಿ. ಅದಕ್ಕೆ ಮುಂಚೆ, 2019ರಲ್ಲಿ, ಮನೆಯಲ್ಲೇ ಬಿದ್ದಿದ್ದರು. 2003ರ ಬೈಕ್ ಅಪಘಾತದ ನಂತರ ಮೈಯೊಳಗೆ ಕೂರಿಸಿದ್ದ ಲೋಹದ ಸರಳುಗಳು ಆಗ ಜರುಗಿದವು, ಅದಾದ ಮೇಲೆ ಒಂದರ ಹಿಂದೆ ಒಂದು ಆಪರೇಷನ್. 2023ರ ಫೆಬ್ರವರಿಯಲ್ಲಿ ‘ಇನ್ನು ಪ್ರವಾಸ ನನ್ನ ಕೈಲಾಗದು’ ಎಂದು ಅವರೇ ಒಪ್ಪಿಕೊಂಡಿದ್ದರು. ಅಂಥವರು ಮತ್ತೆ ಬಂದರು. ಆರು ವರ್ಷ ಹಾಸಿಗೆ ಹಿಡಿದಿದ್ದೆ, ನನಗೆ ಈಗ ಹೇಗನ್ನಿಸುತ್ತಿದೆ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ ಎಂದು ಅಲ್ಲಿ ನೆರೆದವರಿಗೆ ಹೇಳಿದರು.

ನೀವು ಆಫ್ ಮಾಡುವ ಜಾಗದಿಂದ ಸ್ವಲ್ಪ ಮುಂದೆ ಹೋಗಿ. ಕೈಯನ್ನು ನೋಡಿ. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಎದ್ದು ನಿಲ್ಲಲು ನೋಡುತ್ತಾರೆ, ಮೈ ಮಾತು ಕೇಳುವುದಿಲ್ಲ, ಆದರೆ ಚಪ್ಪಾಳೆ ತಟ್ಟಿಸುವುದು ಮಾತ್ರ ನಿಲ್ಲುವುದಿಲ್ಲ. ನಿಧಾನದ ಹಾಡಿನಲ್ಲಿ ದನಿ ಅಲ್ಲಲ್ಲಿ ತಪ್ಪುತ್ತದೆ. ಆಗ ಅಲ್ಲಿದ್ದ ಜನ ಆ ಸಾಲನ್ನು ತಾವೇ ಎತ್ತಿಕೊಂಡು ಹಾಡುತ್ತಾರೆ. ಮೊದಲು ಒಬ್ಬರೇ ಐದು ಹಾಡು, ಆಮೇಲೆ ಅವರ ಹಳೆಯ ಬ್ಯಾಂಡ್ ಬ್ಲ್ಯಾಕ್ ಸಬ್ಬಾತ್‌ನ ಮೂಲ ನಾಲ್ವರು ಸೇರಿ ನಾಲ್ಕು. ಆ ನಾಲ್ವರೂ ಒಟ್ಟಿಗೆ ನುಡಿಸಿ 20 ವರ್ಷವಾಗಿತ್ತು. ಅದಾಗಿ 17 ದಿನಕ್ಕೆ, ಜುಲೈ 22ರಂದು, 76ನೇ ವಯಸ್ಸಿನಲ್ಲಿ ಹೋದರು. ಕಾರ್ಯಕ್ರಮದ ಲಾಭ ಪಾರ್ಕಿನ್ಸನ್ ಸಂಶೋಧನೆಗೆ, ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಗೆ ಮತ್ತು ಮಕ್ಕಳ ಆರೈಕೆ ಕೇಂದ್ರಕ್ಕೆ ಎಂದು ಮೊದಲೇ ತೀರ್ಮಾನವಾಗಿತ್ತು.

ನಿಮ್ಮ ಕಣ್ಣಿಗೆ ಅಲ್ಲಿ ಕಾಯಿಲೆ ಕಾಣುತ್ತಿದೆ. ನನಗೆ ಗುಂಡಿ ಹಾಕಿ ಮುಗಿಸಿದ ಮನುಷ್ಯ ಕಾಣುತ್ತಾರೆ. ಪೂರ್ತಿ ನೋಡಿ, ಅಳು ಬಂದರೆ ಬರಲಿ.

ಪ್ರಶ್ನೆ: ಕೈಲಾಗದಿದ್ದರೂ ಈ ಹಿರಿಯರು ಯಾಕೆ ವೇದಿಕೆ ಹತ್ತಬೇಕು? ಜೆನೆಸಿಸ್ ಬ್ಯಾಂಡಿನ ಡ್ರಮ್ಮರ್, ಗಾಯಕ ಫಿಲ್ ಕಾಲಿನ್ಸ್ ಡ್ರಮ್ಸ್ ಮುಟ್ಟದೆ ಕುರ್ಚಿಯಲ್ಲಿ ಕೂತಿದ್ದು ನೋಡಿ ನನಗೆ ಸಂಕಟವಾಯಿತು. ಚೆನ್ನಾಗಿದ್ದಾಗಲೇ ನಿಲ್ಲಿಸಿದ್ದರೆ ಒಳ್ಳೆಯ ನೆನಪು ಉಳಿಯುತ್ತಿತ್ತು, ಅಲ್ವಾ?

ಉತ್ತರ: ಯಾರಿಗೆ ಒಳ್ಳೆಯ ನೆನಪು? ನಮಗೆ. ಅವರಿಗೆ ಅದು ಬದುಕು. ಈ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ.

2007ರ ಜೆನೆಸಿಸ್ ಪ್ರವಾಸದ ಹೊತ್ತಿಗೆ ಫಿಲ್ ಅವರ ಕುತ್ತಿಗೆಯ ಮೂಳೆ ಜರುಗಿತ್ತು. ಅದರ ಆಪರೇಷನ್ ಆದ ಮೇಲೆ ಬೆರಳುಗಳಿಗೆ ಹಿಡಿತವೇ ಸಿಗಲಿಲ್ಲ. ನಂತರ ಮಾಡಿದ ಒಂದು ಆಲ್ಬಮ್‌ಗಾಗಿ ಡ್ರಮ್ ಕಡ್ಡಿಯನ್ನು ಟೇಪ್ ಸುತ್ತಿ ಕೈಗೆ ಕಟ್ಟಿಕೊಂಡು ನುಡಿಸಿದರು. ಐದು ವರ್ಷದ ಮಗುವಾಗಿದ್ದಾಗಿನಿಂದ ಡ್ರಮ್ಸ್ ಬಾರಿಸಿದ ಕೈ ಅದು! ಕೊನೆಗೆ ಅದೂ ಆಗದಾದಾಗ ಏನು ಮಾಡಿದರು? ಮಗ ನಿಕ್‌ನನ್ನು ಡ್ರಮ್ಸ್ ಮುಂದೆ ಕೂರಿಸಿ, ತಾವು ಮುಂದೆ ಕುರ್ಚಿ ಹಾಕಿಕೊಂಡು ಹಾಡಿದರು. 2022ರ ಮಾರ್ಚ್ 26ರಂದು ಲಂಡನ್‌ನಲ್ಲಿ ಜೆನೆಸಿಸ್‌ನ ಕೊನೆಯ ಕಾರ್ಯಕ್ರಮ ಮುಗಿದದ್ದು ಹಾಗೆ. ತನ್ನ ಬೆನ್ನ ಹಿಂದೆ ತನ್ನದೇ ತಾಳವನ್ನು ಮಗ ಬಾರಿಸುತ್ತಿದ್ದಾನೆ, ಅಪ್ಪ ಅದಕ್ಕೆ ಹಾಡುತ್ತಿದ್ದಾನೆ. ಇದರಲ್ಲಿ ಸಂಕಟ ಇಲ್ಲ ಅನ್ನುವುದಿಲ್ಲ. ಆದರೆ ಸಂಕಟ ಮಾತ್ರ ನೋಡಿ ಎದ್ದು ಬರಬೇಡಿ.

ಇನ್ನೊಂದು ಮಾತು. ನಾವು ತಲೆ ಮೇಲೆ ಹೊತ್ತುಕೊಂಡ ಎಷ್ಟೋ ಸಂಗೀತ ಹುಟ್ಟಿದ್ದೇ ಕೈಕೊಟ್ಟ ಮೈಯಿಂದ. ಬ್ಲ್ಯಾಕ್ ಸಬ್ಬಾತ್‌ನ ಗಿಟಾರ್ ವಾದಕ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿದ್ದರು. ಅಲ್ಲಿ ಕೆಲಸದ ಕೊನೆಯ ದಿನ ಆದ ಅನಾಹುತ ಇದು. ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರ ಬೆರಳಿನ ತುದಿಗಳು ಹೋದವು. ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿ, ಬೆರಳಿಗೆ ಕೂರುವ ಹಾಗೆ ತೂತು ಕೊರೆದು, ಹಳೇ ಜಾಕೆಟ್ಟಿನ ಚರ್ಮ ಅಂಟಿಸಿ ಟೋಪಿ ಥರ ಹಾಕಿಕೊಂಡರು. ನೋವು ಕಡಿಮೆಯಾಗಲಿ ಅಂತ ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಕೆಳಕ್ಕೆ ಇಳಿಸಿದರು. ಹೆವಿ ಮೆಟಲ್ ಎಂಬ ರಾಕ್ ಸಂಗೀತದ ಆ ದಪ್ಪ, ಭಾರವಾದ ನಾದ ಬಂದದ್ದು ಹೀಗೆ. ಮುಂದೆ 2012ರಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಇದೆ ಅಂತ ಗೊತ್ತಾದಾಗಲೂ ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಆಲ್ಬಮ್ ಮಾಡಿದರು.

ಡೆಫ್ ಲೆಪರ್ಡ್ ಬ್ಯಾಂಡಿನ ಡ್ರಮ್ಮರ್ ರಿಕ್ ಅಲೆನ್ 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಎಡಗೈಯನ್ನೇ ಕಳೆದುಕೊಂಡರು. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿಗೆ ಕಲಿಸಿ, ಎಲೆಕ್ಟ್ರಾನಿಕ್ ಪೆಡಲ್‌ಗಳನ್ನು ತುಳಿದು 1987ರಲ್ಲಿ ಬಂದ ‘ಹಿಸ್ಟೀರಿಯಾ’ ಆಲ್ಬಮ್‌ಗೆ ನುಡಿಸಿದರು. ಇವರಿಗೆಲ್ಲ ಆಗಲೇ ಯಾರಾದರೂ ‘ಒಳ್ಳೆಯ ನೆನಪು ಉಳಿಯಲಿ, ಸಾಕು ಮಾಡಿ’ ಅಂದಿದ್ದರೆ?

ಹಾಗಂತ ನಿಲ್ಲಿಸುವವರನ್ನು ಹಿಡಿದೆಳೆಯುವ ಹಕ್ಕೂ ನಮಗಿಲ್ಲ. ಐರನ್ ಮೇಡನ್‌ನ ನಿಕೋ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕೆಲವೇ ತಿಂಗಳಲ್ಲಿ ಡ್ರಮ್ಸ್ ಮುಂದೆ ಕೂತಿದ್ದರು. ಆದರೆ 2024ರ ಡಿಸೆಂಬರ್‌ನಲ್ಲಿ ‘ಪ್ರವಾಸ ಇನ್ನು ಸಾಕು’ ಅಂದರು. ಏರೋಸ್ಮಿತ್‌ನ ಗಾಯಕ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಗಿ, ಅದೇ ವರ್ಷ ಆಗಸ್ಟ್‌ನಲ್ಲಿ ಇಡೀ ಬ್ಯಾಂಡೇ ಪ್ರವಾಸ ಬಿಟ್ಟಿತು. ಹತ್ತುವುದೂ ಇಳಿಯುವುದೂ ಅವರಿಷ್ಟ. ಟಿಕೆಟ್ ಕೊಂಡ ಮಾತ್ರಕ್ಕೆ ಅವರ ಮೈ ನಮ್ಮದಾಗುವುದಿಲ್ಲ.

ಪ್ರಶ್ನೆ: ಕುಡಿತ, ಡ್ರಗ್ಸ್, ಕಿವಿ ಒಡೆಯುವ ಸದ್ದು. ಈ ಕಲಾವಿದರ ಕಾಯಿಲೆಗಳಿಗೆಲ್ಲ ಅವರೇ ಕಾರಣ ಅಂತಾರಲ್ಲ?

ಉತ್ತರ: ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕುಡಿತದಿಂದ ಮೈ ಹಾಳಾಗುತ್ತದೆ, ನಿಜ, ಓಝಿ ಅದನ್ನು ಎಂದೂ ಮುಚ್ಚಿಟ್ಟವರಲ್ಲ. ಆದರೆ ಅವರ ಪಾರ್ಕಿನ್ಸನ್ ‘ಪಾರ್ಕಿನ್’ ಎಂಬ ಜೀನ್‌ಗೆ ಸಂಬಂಧಿಸಿದ ಬಗೆ ಎಂದು ಹೆಂಡತಿ ಶರನ್ ಆಗಲೇ ಹೇಳಿದ್ದರು. ನನ್ನ ಅಪ್ಪ ಜೀವನದಲ್ಲಿ ಒಂದು ಹನಿ ಕುಡಿದವರಲ್ಲ. ಕಾಯಿಲೆ ಬಂದವರ ಮುಂದೆ ನಿಂತು ಲೆಕ್ಕ ಕೇಳಬಾರದು.

ಸದ್ದಿನ ಮಾತು ಬೇರೆ. ಅದು ನಮಗೂ ಸೇರಿದ್ದು. ಒಳಗಿವಿಯಲ್ಲಿ ಕೂದಲಿನಂಥ ತುದಿಯ ಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಒಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ರಾಕ್ ಕಾರ್ಯಕ್ರಮ ಎರಡು ಗಂಟೆ! ಎಸಿ/ಡಿಸಿಯ ಬ್ರಯಾನ್ ಜಾನ್ಸನ್‌ಗೆ 2016ರಲ್ಲಿ ವೈದ್ಯರು, ಹೀಗೇ ಹಾಡಿದರೆ ಪೂರ್ತಿ ಕಿವುಡಾಗುತ್ತೀರಿ ಅಂದರು, ಪ್ರವಾಸದ ನಡುವೆಯೇ ಬಿಟ್ಟು ಹೋಗಬೇಕಾಯಿತು. ಆಮೇಲೆ ಕಿವಿಯೊಳಗೆ ಇಡುವ ಹೊಸ ಸಾಧನದ ನೆರವಿನಿಂದ ಮತ್ತೆ ಬಂದರು. ಅಭಿಮಾನ ಇದ್ದರೆ ಕಾರ್ಯಕ್ರಮಕ್ಕೆ ಹೋಗುವಾಗ ಇಯರ್ ಪ್ಲಗ್ ಹಾಕಿಕೊಳ್ಳಿ. ಹಾಡು ಚೆನ್ನಾಗಿಯೇ ಕೇಳುತ್ತದೆ.

ಪ್ರಶ್ನೆ: ನನಗೆ ತುಂಬಾ ಇಷ್ಟದ ಗಿಟಾರ್ ವಾದಕರೊಬ್ಬರಿಗೆ ಹುಷಾರಿಲ್ಲ. ಅಭಿಮಾನಿಗಳ ವಿಳಾಸಕ್ಕೆ ಒಂದು ಪತ್ರ ಬರೆಯಬೇಕು ಅಂತಿದ್ದೇನೆ. ‘ಬೇಗ ಗುಣವಾಗಿ’ ಅಂತ ಬರೆದು ಹರಿದುಹಾಕಿದೆ, ಯಾಕೆಂದರೆ ಅದು ವಾಸಿಯಾಗುವ ಕಾಯಿಲೆ ಅಲ್ಲ. ಏನು ಬರೆಯಲಿ?

ಉತ್ತರ: ಹರಿದುಹಾಕಿದ್ದು ಒಳ್ಳೆಯದಾಯಿತು. ‘ಬೇಗ ಗುಣವಾಗಿ’ ಅಂದರೆ ಅಪ್ಪ ಸುಮ್ನೆ ನಗುತ್ತಿದ್ದರು, ಎದುರಿಗಿದ್ದವರಿಗೆ ಬೇಜಾರಾಗಬಾರದು ಅಂತ. ಆದರೆ ಹಳೆಯ ಸಹೋದ್ಯೋಗಿಯೊಬ್ಬರು ಬಂದು ‘ಆ ವರ್ಷ ನೀವು ಬರೆದ ಲೆಕ್ಕದ ಪುಸ್ತಕ ನೋಡಿಯೇ ನಾನು ಕೆಲಸ ಕಲಿತದ್ದು’ ಅಂದ ದಿನ, ಸಂಜೆವರೆಗೂ ಅದನ್ನೇ ಹೇಳಿಕೊಂಡು ಓಡಾಡಿದರು.

ಅವರ ಕಾಯಿಲೆ ಬಗ್ಗೆ ಬರೆಯಬೇಡಿ, ಅದು ಅವರಿಗೆ ದಿನವೂ ಗೊತ್ತಿರುವುದೇ. ಔಷಧಿ, ಪಥ್ಯ ಸೂಚಿಸಬೇಡಿ, ದಯವಿಟ್ಟು. ಅವರ ಕೆಲಸದ ಬಗ್ಗೆ ಬರೆಯಿರಿ. ಜುಡಾಸ್ ಪ್ರೀಸ್ಟ್‌ನ ಗ್ಲೆನ್ ಟಿಪ್ಟನ್ 2018ರಲ್ಲಿ ಪಾರ್ಕಿನ್ಸನ್ ಇದೆ ಅಂತ ತಿಳಿಸಿ ಪ್ರವಾಸದಿಂದ ಹಿಂದೆ ಸರಿದರು. ಆದರೂ ಕಾರ್ಯಕ್ರಮದ ಕೊನೆಯಲ್ಲಿ ಆಗಾಗ ವೇದಿಕೆಗೆ ಬಂದು ಕೆಲವು ಹಾಡಿಗೆ ನುಡಿಸುತ್ತಿದ್ದರು. ಆಗ ಜನ ಕೂಗುತ್ತಿದ್ದುದು ಅವರ ಹೆಸರನ್ನು. ಎಸಿ/ಡಿಸಿಯ ಮ್ಯಾಲ್ಕಮ್ ಯಂಗ್‌ಗೆ ಮರೆವಿನ ಕಾಯಿಲೆ ಶುರುವಾದಾಗ, ತಾವೇ ಕಟ್ಟಿದ ರಿಫ್‌ಗಳನ್ನು, ಅಂದರೆ ಹಾಡಿನಲ್ಲಿ ತಿರುತಿರುಗಿ ಬರುವ ಗಿಟಾರ್ ತುಣುಕುಗಳನ್ನು, ಪ್ರವಾಸದಲ್ಲಿ ಮತ್ತೆ ಮತ್ತೆ ಕಲಿತು ವೇದಿಕೆ ಹತ್ತುತ್ತಿದ್ದರು ಎಂದು ತಮ್ಮ ಆಂಗಸ್ ಹೇಳಿದ್ದಾರೆ. ತನ್ನ ಹಾಡನ್ನು ತಾನೇ ಹೊಸದಾಗಿ ಕಲಿಯಬೇಕಾದವರಿಗೆ ‘ನಿಮ್ಮ ಇಂಥ ಹಾಡು ನನಗೆ ಬಾಯಿಪಾಠ’ ಎಂದು ಒಬ್ಬರು ಬರೆದರೆ ಎಷ್ಟು ಹಿತ ಅನ್ನಿಸಬಹುದು, ನೀವೇ ಯೋಚಿಸಿ.

ಹಾಗಾಗಿ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಯಾವ ಹಾಡು, ಅದರಲ್ಲಿ ಯಾವ ತಿರುವು, ಅದನ್ನು ಮೊದಲ ಸಲ ಕೇಳಿದಾಗ ನೀವು ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ. ಅರ್ಧ ಪುಟ ಸಾಕು. ಕೈಯಲ್ಲೇ ಬರೆಯಿರಿ, ಅಕ್ಷರ ದೊಡ್ಡದಿರಲಿ, ಓದುವವರ ಕೈ ನಡುಗುತ್ತಿರಬಹುದು. ಉತ್ತರ ಬೇಡ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಈ ವಾರವೇ ಹಾಕಿಬಿಡಿ.