ಇಮಾಮ್ ಗಜಾಲಿ ಯಾರು? ಏನು ಬರೆದರು?

ಗಜಾಲಿ ಇಸ್ಲಾಂ ಧರ್ಮದ ದೊಡ್ಡ ವಿದ್ವಾಂಸರು. ಹುಟ್ಟಿದ್ದು 1058ರ ಸುಮಾರಿಗೆ, ಇರಾನಿನ ತೂಸ್‌ನಲ್ಲಿ. 1091ರಲ್ಲಿ ಬಾಗ್ದಾದಿನ ನಿಜಾಮಿಯಾ ಮದರಸಾದಲ್ಲಿ ಮೇಷ್ಟ್ರಾದರು. ಬಹಳ ದೊಡ್ಡ ಹುದ್ದೆ ಅದು. ಆದರೆ 1095ರಲ್ಲಿ ಪಾಠ ಮಾಡಲು ಹೋದರೆ ಮಾತೇ ಹೊರಡುತ್ತಿರಲಿಲ್ಲ, ಊಟವೂ ಸೇರುತ್ತಿರಲಿಲ್ಲ. ತಾನು ಕಲಿಸುತ್ತಿರುವುದು ದೇವರಿಗಾಗಿ ಅಲ್ಲ, ಹೆಸರಿಗಾಗಿ ಎಂಬ ಕೊರಗು. ಇದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಕೆಲಸ ಬಿಟ್ಟು ಡಮಾಸ್ಕಸ್, ಜೆರುಸಲೇಂ, ಮೆಕ್ಕಾ ಸುತ್ತಿದರು.

ಅವರ ದೊಡ್ಡ ಕೃತಿ 40 ಭಾಗಗಳ ‘ಇಹ್ಯಾ ಉಲೂಮುದ್ದೀನ್’. ನಮಾಜು, ಊಟದ ರೀತಿ, ಮದುವೆ, ಸಂಪಾದನೆಯಿಂದ ಹಿಡಿದು ಸಿಟ್ಟು, ಹೊಟ್ಟೆಕಿಚ್ಚಿನವರೆಗೆ ಎಲ್ಲವೂ ಅದರಲ್ಲಿದೆ. ಅವರನ್ನು ತತ್ವಜ್ಞಾನದ ಶತ್ರು ಅಂತ ಸುಮ್ನೆ ತಳ್ಳಿಹಾಕುವವರು ಜಾಸ್ತಿ. ಅದು ಸರಿಯಲ್ಲ. ‘ತಹಾಫುತ್’ ಎಂಬ ಪುಸ್ತಕದಲ್ಲಿ ತತ್ವಜ್ಞಾನಿ ಇಬ್ನ್ ಸೀನಾರ ವಾದಗಳನ್ನು ಖಂಡಿಸಿದರೂ ತರ್ಕಶಾಸ್ತ್ರವನ್ನು ಅವರು ಕೈಬಿಡಲಿಲ್ಲ. 1111ರಲ್ಲಿ ತೂಸ್‌ನಲ್ಲೇ ತೀರಿಕೊಂಡರು.