ಎಮ್ಮೆ ಇಳಿಯುವ ಜಾಗ ಕೇಳಿದವರು

ಹೊಸಪೇಟೆಯಿಂದ ನಿವೃತ್ತ ಎಂಜಿನಿಯರೊಬ್ಬರು ಬರೆದಿದ್ದಾರೆ: “ವಿಜಯನಗರ ಕಾಲುವೆಗಳ ದುರಸ್ತಿ ಬಗ್ಗೆ ಜನರನ್ನು ಕೇಳುತ್ತೇವೆ ಅಂತ ಸಭೆ ಕರೆದಿದ್ದರು. ಹೋಗಿದ್ದೆ. ಮೂರು ತಾಸು ಹಾಳು. ಒಬ್ಬರು ಎಮ್ಮೆ ಇಳಿಯಲು ಜಾಗ ಬಿಡಿ ಅಂದರು. ಒಬ್ಬಾಕೆ ಬಟ್ಟೆ ಒಗೆಯಲು ಮೆಟ್ಟಿಲು ಕೇಳಿದರು. ಒಬ್ಬ ಮುದುಕರು ತಮ್ಮ ತೂಬಿನ ಕತೆಯನ್ನೇ ಅರ್ಧ ತಾಸು ಹೇಳಿದರು. ನೂರಾರು ವರ್ಷದ ಕಾಲುವೆ ಉಳಿಸುವ ರೀತಿ ಇದೇನಾ? ಬಲ್ಲವರಿಗೆ ಬಿಟ್ಟರೆ ಸಾಲದೇ?”

ಉತ್ತರ:

ಸ್ವಾಮಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಕೇಳಿಸಿಕೊಂಡು ಬಂದಿದ್ದೀರಿ, ಕೇಳಿಸಿಕೊಂಡಿದ್ದನ್ನು ಮಾತ್ರ ಬಾಗಿಲಲ್ಲೇ ಬಿಟ್ಟು ಬಂದಿದ್ದೀರಿ.

ಬಲ್ಲವರು ಬೇಕು, ಒಪ್ಪಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಕೊಂಡು ಹೋಯಿತಲ್ಲ, ಆ ರಾತ್ರಿ ಯಾರೂ ಜನಾಭಿಪ್ರಾಯ ಸಂಗ್ರಹಿಸುತ್ತಾ ಕೂರಲಿಲ್ಲ, ಕೂರಬಾರದು ಕೂಡ. ಕಾಲುವೆ ಸೋರಿದರೆ ಕೊನೆ ಭಾಗದ ರೈತನಿಗೆ ನೀರು ಮುಟ್ಟುವುದಿಲ್ಲ ಅನ್ನೋದೂ ನಿಜವೇ.

ಈಗ ಆ ಮೂವರ ವಿಷಯಕ್ಕೆ ಬರೋಣ.

ಮುದುಕರ ತೂಬಿನ ಕತೆ ನಿಮಗೆ ಬೇಸರ ತಂದಿದ್ದು ನನಗೆ ಆಶ್ಚರ್ಯ. ಮಣ್ಣಿನ ಕಾಲುವೆಗೆ ಕಾಂಕ್ರೀಟ್ ಲೈನಿಂಗ್ ಮಾಡಿದರೆ ಏನಾಗುತ್ತದೆ, ನೀವೇ ಹೇಳಿ. ಮೈ ನುಣುಪಾಗುತ್ತದೆ, ನೀರು ಜೋರಾಗಿ ಓಡುತ್ತದೆ. ಬಿಡುವ ನೀರು ಅಷ್ಟೇ ಇದ್ದರೆ ಅದರ ಮಟ್ಟ ಇಳಿಯುತ್ತದೆ. ಹಳೇ ತೂಬಿನ ಬಾಯಿ ಮೇಲೆ, ನೀರು ಕೆಳಗೆ. ಕಣ್ಣೆದುರೇ ಕಾಲುವೆ ಹರಿಯುತ್ತಿರುತ್ತದೆ, ಗದ್ದೆಗೆ ಮಾತ್ರ ಹತ್ತುವುದಿಲ್ಲ. ಅವರು ಅರ್ಧ ತಾಸು ಹೇಳಿದ್ದು ಇದನ್ನೇ ಇರಬೇಕು. ನೀವು ಕಾಲೇಜಿನಲ್ಲಿ ಸೂತ್ರ ಹಾಕಿ ಕಲಿತದ್ದನ್ನು ಅವರು ಮೊಣಕಾಲುದ್ದ ನೀರಲ್ಲಿ ನಿಂತು ಕಲಿತಿದ್ದಾರೆ, ಅಷ್ಟೇ ವ್ಯತ್ಯಾಸ.

ಎಮ್ಮೆಯ ಮಾತು? ಕೆಲವು ವರ್ಷದ ಹಿಂದೆ ಹೊಸದಾಗಿ ಲೈನಿಂಗ್ ಆಗಿದ್ದ ಒಂದು ಕಾಲುವೆಯಲ್ಲಿ ಕರು ಬಿದ್ದಿದ್ದನ್ನು ನೋಡಿದ್ದೆ. ಇಳಿಜಾರು ಕಾಂಕ್ರೀಟ್, ಮೇಲೆ ಪಾಚಿ. ಕರು ಮುಂಗಾಲು ಊರುತ್ತದೆ, ಜಾರುತ್ತದೆ, ಮತ್ತೆ ಊರುತ್ತದೆ. ಗೊರಸು ಕೆರೆಯುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಎಂಟು ಜನ ಹಗ್ಗ ಹಾಕಿ ಎಳೆದರು. ಹಳೇ ಮಣ್ಣಿನ ದಡವಾಗಿದ್ದರೆ ಅದು ತಾನೇ ಹತ್ತಿ ಬರುತ್ತಿತ್ತು. ನಕ್ಷೆಯಲ್ಲಿ ಎರಡು ಗೆರೆ ಜಾಸ್ತಿ ಎಳೆದಿದ್ದರೆ ಆಗುತ್ತಿತ್ತು, ಅಲ್ವಾ? ಆ ಎರಡು ಗೆರೆಯನ್ನೇ ನಿಮ್ಮ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದ್ದು. ಮೆಟ್ಟಿಲು ಕೇಳಿದ ಹೆಂಗಸಿನ ಬಗ್ಗೆ ನಾನೇನೂ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಕೇಳಿ, ಹೇಳುತ್ತಾರೆ.

ಹಂಪಿಯಲ್ಲಿ ಪುಷ್ಕರಣಿ ಪಕ್ಕ ಎತ್ತರದ ಕಂಬಗಳ ಮೇಲೆ ಕಲ್ಲಿನ ದೋಣಿಯ ಸಾಲು ಇದೆ. ಹಿಂದೆ ಅದರಲ್ಲಿ ನೀರು ಹರಿಯುತ್ತಿತ್ತು. ಈಗ ಒಣಗಿ ನಿಂತಿದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಅಲ್ಲಿಂದ ಸ್ವಲ್ಪ ಆಚೆ ತುರ್ತಾ ಕಾಲುವೆ, ಬಾಳೆ ತೋಟಗಳ ನಡುವೆ, ಇವತ್ತಿಗೂ ಹರಿಯುತ್ತಿದೆ. ಅದರ ಮುಂದೆ ಯಾರೂ ಸೆಲ್ಫಿ ತೆಗೆಯುವುದಿಲ್ಲ. ನೀರು ಸತ್ತ ಮೇಲೆಯೇ ನಮಗೆ ಅದು ಪರಂಪರೆ. ಹರಿಯುವಾಗ ಬರೀ ಕಾಲುವೆ, ಪ್ಲಾಸ್ಟಿಕ್ ಎಸೆಯುವ ಜಾಗ.

ನದಿ ನಡುವಿನ ಗುಂಡುಗಳನ್ನೇ ಆಸರೆ ಮಾಡಿಕೊಂಡು, ಸಂದಿಗೆ ಕಲ್ಲು ತುಂಬಿ, ಅಂಕುಡೊಂಕಾಗಿ ಅಣೆ ಕಟ್ಟಿದವರು ವಿಜಯನಗರದವರು. ಬಸವಣ್ಣ ಕಾಲುವೆಯ ವಲ್ಲಭಾಪುರದ ಅಣೆ 1953ರಲ್ಲಿ ಹೊಸ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಆದರೂ ಕಾಲುವೆ ಸಾಯಲಿಲ್ಲ, ಜಲಾಶಯದಿಂದಲೇ ನೀರು ತೆಗೆದುಕೊಂಡು ನಡೆಯಿತು. ಕೆಳಗೆ ಗದ್ದೆ ಮಾಡುವವರು ಇದ್ದರಲ್ಲ, ಬಿಡಲಿಲ್ಲ. ಆ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ನೂನಿಜ್ ಬರೆದಿಟ್ಟಿದ್ದಾನೆ: ಎರಡು ಬೆಟ್ಟಗಳ ನಡುವೆ ಕೆರೆ ಕಟ್ಟಿಸಿ ಊರಿಗೆ ನೀರು ತಂದ ಅರಸ ಕೃಷ್ಣದೇವರಾಯ, ಆ ನೀರು ಹಾಯುವ ಭೂಮಿಯನ್ನು ಜನ ಹದ ಮಾಡಿಕೊಳ್ಳಲಿ ಅಂತ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನಂತೆ. ಕಲ್ಲು ಕಟ್ಟಿದರೆ ಅರ್ಧ ಕೆಲಸ, ಜನ ಸೇರಿದರೆ ಪೂರ್ತಿ ಅಂತ ಆತನಿಗೆ ಗೊತ್ತಿತ್ತು.

ನಮಗೆ ಮರೆತಿದೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದವರನ್ನು ಎಬ್ಬಿಸಿದರು. ಮಂಟಪ ಉಳಿಯಬೇಕಿತ್ತು, ಸರಿ. ಜನ ಹೋದರೂ ಮಂಟಪ ನಿಲ್ಲುತ್ತದೆ. ಕಾಲುವೆ ಹಾಗಲ್ಲ ಸ್ವಾಮಿ. ಕಾಲುವೆ ನೀರು ಹಂಚುವ ನೀರಗಂಟಿಯನ್ನು ಎಬ್ಬಿಸಿ ನೋಡಿ, ಎರಡು ಮಳೆಗಾಲಕ್ಕೆ ಹೂಳು, ಮೂರನೆಯದಕ್ಕೆ ಜಾಲಿ.

ಸ್ಪೇನಿನ ವೆಲೆನ್ಸಿಯಾ ಊರಿನ ಸಂಗತಿ ನಿಮಗೆ ಹೇಳಲೇಬೇಕು. ಅಲ್ಲಿ ಹಳೇ ಕಾಲುವೆಗಳ ನೀರಿನ ಜಗಳಕ್ಕೆ ಒಂದು ಪಂಚಾಯ್ತಿ ಇದೆ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನ ಬಾಗಿಲ ಹೊರಗೆ ಕೂರುತ್ತದೆ. ರೈತರೇ ಆರಿಸಿದ ರೈತರು, ಕಪ್ಪು ನಿಲುವಂಗಿ ಹಾಕಿಕೊಂಡು. ವಕೀಲರಿಲ್ಲ, ಎಲ್ಲ ಬಾಯಿಮಾತು, ಅದೂ ತಮ್ಮದೇ ವೆಲೆನ್ಸಿಯನ್ ಭಾಷೆಯಲ್ಲಿ. 2009ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ಗಮನಿಸಿ, ಪಟ್ಟಿಗೆ ಸೇರಿದ್ದು ಕಲ್ಲಲ್ಲ, ಜಗಳ ಬಗೆಹರಿಸುವ ರೀತಿ.

ನಮ್ಮಲ್ಲಿ? ಒಂದು ಸಲ ನಾನೂ ಇಂಥ ಸಭೆಗೆ ಹೋಗಿದ್ದೆ, ಯಾವ ಇಲಾಖೆ ಅಂತ ಹೇಳುವುದಿಲ್ಲ. ಕಾಲುವೆ ಇಪ್ಪತ್ತು ಕಿಲೋಮೀಟರ್ ಆಚೆ. ಸಭೆ ಏಸಿ ಹಾಲಿನಲ್ಲಿ, ಸಮಯ ಬೆಳಿಗ್ಗೆ ಹನ್ನೊಂದು, ನಾಟಿ ಹಂಗಾಮು. ತೆರೆಯ ಮೇಲೆ ಇಂಗ್ಲಿಷ್ ಸ್ಲೈಡು. ಕೈಗೆ ಕೊಟ್ಟ ಕನ್ನಡ ಹಾಳೆಯಲ್ಲಿ “ಪ್ರಸ್ತಾವಿತ ಉಪಕ್ರಮಗಳ ಅನುಷ್ಠಾನದ ಸಂಬಂಧ ಆಕ್ಷೇಪಣೆಗಳು” ಅಂತೇನೋ ಇತ್ತು. ಪಕ್ಕದ ಹಿರಿಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ನೀರು ಬಿಡ್ತಾರೆ ಅಂತಿದೆಯೋ, ಬಿಡಲ್ಲ ಅಂತಿದೆಯೋ?” ಅಂದರು. ನನಗೂ ಹೇಳಲಾಗಲಿಲ್ಲ. ನಲವತ್ತು ವರ್ಷದಿಂದ ಕನ್ನಡ ತಿದ್ದುತ್ತಿರುವವನು ನಾನು! ಊಟ ಮಾತ್ರ ಚೆನ್ನಾಗಿತ್ತು. ಹಾಜರಿ ಪುಸ್ತಕಕ್ಕೆ ಎರಡು ಸಲ ಸಹಿ ಹಾಕಿಸಿಕೊಂಡರು.

ಸಭೆಯನ್ನು ಕಾಲುವೆ ಏರಿ ಮೇಲೆ ಮಾಡಿ ಅನ್ನುತ್ತೇನೆ ನಾನು. ದುರಸ್ತಿಗೆ ನೀರು ನಿಲ್ಲಿಸುತ್ತಾರಲ್ಲ, ಆಗ. ಬಿರುಕು, ಸವೆದ ತೂಬು, ಕದ್ದು ಹಾಕಿದ ಪೈಪು, ಎಲ್ಲ ಕಾಣುತ್ತದೆ. ಬೆರಳು ತೋರಿಸಿದರೆ ಸಾಕು, ಭಾಷಣ ಬೇಡ. ನಿಮ್ಮಂಥವರೂ ಅಲ್ಲಿ ಇರಬೇಕು, ಟೇಪು ಹಿಡಿದು.

ಪತ್ರದ ಜೊತೆ ನೀವೇ ಬರೆದ ಕಾಲುವೆಗಳ ನಕ್ಷೆ ಕಳಿಸಿದ್ದೀರಿ. ಬಹಳ ಚೆಂದ ಇದೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಆದರೆ ರಾಯ, ಬಸವಣ್ಣ, ತುರ್ತಾ, ಬೆಲ್ಲ, ಕಾಳಘಟ್ಟ ಅನ್ನುವ ಹೆಸರುಗಳಿರುವಾಗ ನೀವು ಸುಮ್ನೆ ಒಂದು, ಎರಡು, ಮೂರು ಅಂತ ಗುರುತು ಹಾಕಿದ್ದೀರಿ. ಹೆಸರು ತುಂಬಿಸಿ ಕಳಿಸಿ. ತೂಬುಗಳಿಗೂ ಹೆಸರಿರುತ್ತವೆ, ಆ ಮುದುಕರನ್ನು ಕೇಳಿದರೆ ಹೇಳುತ್ತಾರೆ. ಅರ್ಧ ತಾಸು ಹಿಡಿಯಬಹುದು.